ಕುರ್ಚಿ ಕೊಡುತ್ತೇವೆ, ಚುನಾವಣೆಗೆ ನಿಲ್ಲಬೇಡಿ: ಆಫ್ರಿಕಾದ ಹಂಗಾಮಿ ಅಧ್ಯಕ್ಷೆಯರ ಕಥೆ

ಪಕ್ಷದ ಮುಖ್ಯಸ್ಥರಾಗಿರಬಾರದು. ಸೇನೆಯಲ್ಲಿರಬಾರದು. ನ್ಯಾಯಾಧೀಶರಾಗಿರಬಾರದು. ಈಗಷ್ಟೇ ಬಿದ್ದ ಸರ್ಕಾರದಲ್ಲಿ ಮಂತ್ರಿಯಾಗಿರಬಾರದು. ಕಳೆದ 20 ವರ್ಷಗಳಲ್ಲಿ ಯಾವ ಬಂಡುಕೋರ ಗುಂಪಿನ ಜೊತೆಗೂ ನಂಟು ಇಟ್ಟುಕೊಂಡಿರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಮುಂದಿನ ಚುನಾವಣೆಯಲ್ಲಿ ಸ್ಪರ್ಧಿಸಬಾರದು.

2014ರ ಜನವರಿಯಲ್ಲಿ ಸೆಂಟ್ರಲ್ ಆಫ್ರಿಕನ್ ರಿಪಬ್ಲಿಕ್ ಎಂಬ ದೇಶ ತನ್ನ ಹಂಗಾಮಿ ಅಧ್ಯಕ್ಷ ಹುದ್ದೆಗೆ ಹಾಕಿದ ಷರತ್ತುಗಳು ಇವು. ಇಷ್ಟೆಲ್ಲ ಜರಡಿ ಹಿಡಿದ ಮೇಲೆ ಕಣದಲ್ಲಿ ಉಳಿದವರು 8 ಮಂದಿ. ಅವರಲ್ಲಿ ಇಬ್ಬರು ಹಳೇ ಅಧ್ಯಕ್ಷರ ಮಕ್ಕಳು. ಜನವರಿ 20ರಂದು 135 ಸದಸ್ಯರ ಹಂಗಾಮಿ ಸಂಸತ್ತು ಮತ ಹಾಕಿತು. ಎರಡನೇ ಸುತ್ತಿನಲ್ಲಿ ಮಾಜಿ ಅಧ್ಯಕ್ಷ ಆಂದ್ರೆ ಕೊಲಿಂಗ್ಬಾ ಅವರ ಮಗ ದೆಸಿರೆ ಕೊಲಿಂಗ್ಬಾಗೆ 53 ಮತ ಬಿತ್ತು. ರಾಜಧಾನಿ ಬಾಂಗಿಯ ಮೇಯರ್ ಆಗಿದ್ದ ಕ್ಯಾಥರಿನ್ ಸಾಂಬಾ-ಪಾಂಜಾ ಅವರಿಗೆ 75. ಆ ದೇಶಕ್ಕೆ ಮೊದಲ ಬಾರಿಗೆ ಒಬ್ಬ ಮಹಿಳೆ ಮುಖ್ಯಸ್ಥೆಯಾದರು.

ಸುದ್ದಿ ಅಷ್ಟಕ್ಕೇ ನಿಂತುಬಿಡುತ್ತದೆ. "ಮೊದಲ ಮಹಿಳೆ" ಎಂದು ಒಂದು ಶೀರ್ಷಿಕೆ, ಒಂದು ಫೋಟೊ, ಮುಗೀತು. ಆದರೆ ಈ ಹಂಗಾಮಿ ಅಧ್ಯಕ್ಷೆ ಎನ್ನುವ ಹುದ್ದೆ ಏನು? ಅವರ ಕೈಯಲ್ಲಿ ನಿಜವಾಗಿ ಏನಿರುತ್ತದೆ? ಇಂಥ ಹೊತ್ತಿನಲ್ಲೇ ಮಹಿಳೆಯರನ್ನು ಏಕೆ ಹುಡುಕಿ ಕೂರಿಸುತ್ತಾರೆ? ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

ಹಂಗಾಮಿಯಲ್ಲೂ ಬಗೆಗಳಿವೆ

ಹಂಗಾಮಿ ರಾಷ್ಟ್ರಪತಿ ಎಂದರೆ ಕನ್ನಡಿಗರಿಗೆ ಬಿ.ಡಿ. ಜತ್ತಿ ನೆನಪಾಗಬೇಕು. 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡರು. ಉಪರಾಷ್ಟ್ರಪತಿಯಾಗಿದ್ದ ಜತ್ತಿಯವರು ಅದೇ ದಿನ ಹಂಗಾಮಿಯಾಗಿ ಕೂತರು, ಜುಲೈ 25ರವರೆಗೆ ಇದ್ದರು. ಆ ಐದು ತಿಂಗಳಲ್ಲೇ ತುರ್ತು ಪರಿಸ್ಥಿತಿಯ ನಂತರದ ಚುನಾವಣೆ ನಡೆಯಿತು, ಕೇಂದ್ರದಲ್ಲಿ ಸರ್ಕಾರ ಬದಲಾಯಿತು. ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸುವ ಕಡತ ಬಂದಾಗ ಜತ್ತಿಯವರು ಸಹಿ ಹಾಕಲು ಹಿಂದೆಮುಂದೆ ನೋಡಿದರು. ಸ್ವಲ್ಪ ಗದ್ದಲವೂ ಆಯಿತು. ಕೊನೆಗೆ ಹಾಕಿದರು. ತಾತ್ಕಾಲಿಕವಾಗಿ ಕೂತವರು ಎಷ್ಟರ ಮಟ್ಟಿಗೆ ತಮ್ಮ ವಿವೇಚನೆ ಬಳಸಬಹುದು ಎಂಬ ಪ್ರಶ್ನೆ ನಮ್ಮಲ್ಲೂ ಎದ್ದಿತ್ತು ಎನ್ನುವುದಕ್ಕೆ ಇದನ್ನು ಹೇಳಿದೆ.

ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ನಮ್ಮಲ್ಲಿ ಆಡಳಿತ ನಡೆಸುವುದು ಪ್ರಧಾನಿ. ರಾಷ್ಟ್ರಪತಿ ಭವನ ತಿಂಗಳುಗಟ್ಟಲೆ ಹಂಗಾಮಿಯವರ ಕೈಯಲ್ಲಿದ್ದರೂ ರೇಷನ್ ಅಂಗಡಿ ಬಾಗಿಲು ಮುಚ್ಚುವುದಿಲ್ಲ. ಆಫ್ರಿಕಾದ ಹೆಚ್ಚಿನ ದೇಶಗಳಲ್ಲಿ ಅಧ್ಯಕ್ಷರೇ ಎಲ್ಲ. ಸೇನೆ, ಖಜಾನೆ, ನೇಮಕಾತಿ, ಗಣಿ ಗುತ್ತಿಗೆ ಎಲ್ಲವೂ ಆ ಒಂದು ಕುರ್ಚಿಯ ಸುತ್ತ. ಹಾಗಾಗಿ ಕುರ್ಚಿ ಖಾಲಿಯಾದರೆ ದೇಶವೇ ಅಲ್ಲಾಡುತ್ತದೆ. ಅದರಲ್ಲಿ ಯಾರು, ಯಾವ ದಾರಿಯಿಂದ ಬಂದು ಕೂತರು ಎನ್ನುವುದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ.

ಸುಲಭದ ದಾರಿ ಸಂವಿಧಾನದ್ದು. ಗ್ಯಾಬನ್ ನೋಡಿ. 41 ವರ್ಷ ಆಳಿದ ಒಮರ್ ಬೊಂಗೊ 2009ರ ಜೂನ್ 8ರಂದು ಸ್ಪೇನ್‌ನ ಬಾರ್ಸಿಲೋನಾದಲ್ಲಿ ತೀರಿಕೊಂಡರು. ಸಂವಿಧಾನದ ಪ್ರಕಾರ ಸೆನೆಟ್ ಅಧ್ಯಕ್ಷರು ಹಂಗಾಮಿಯಾಗಬೇಕು. ಆಗ ಆ ಹುದ್ದೆಯಲ್ಲಿದ್ದವರು ರೋಸ್ ಫ್ರಾನ್ಸಿನ್ ರೊಗೊಂಬೆ. ವಕೀಲೆ. ಅದೇ ವರ್ಷದ ಫೆಬ್ರವರಿಯಲ್ಲಷ್ಟೇ ಸೆನೆಟ್ ಅಧ್ಯಕ್ಷೆಯಾಗಿದ್ದರು. ಜೂನ್ 10ರಂದು ಪ್ರಮಾಣವಚನ ತೆಗೆದುಕೊಂಡರು, ಆಗಸ್ಟ್ 30ರಂದು ಚುನಾವಣೆ ಮಾಡಿಸಿದರು, ಅಕ್ಟೋಬರ್ 16ರಂದು ಗೆದ್ದವರಿಗೆ ಅಧಿಕಾರ ಕೊಟ್ಟು ಸೆನೆಟ್‌ಗೆ ವಾಪಸಾದರು. ಗೆದ್ದವರು ಸತ್ತವರ ಮಗ ಅಲಿ ಬೊಂಗೊ. ಫಲಿತಾಂಶದ ಬಗ್ಗೆ ಜಗಳ, ಗಲಾಟೆ ನಡೆಯಿತು. ಆದರೆ ರೊಗೊಂಬೆ ಅವರು ಕುರ್ಚಿಗೆ ಅಂಟಿಕೊಂಡರು ಎಂದು ಯಾರೂ ಹೇಳಲಿಲ್ಲ. ಹಂಗಾಮಿಯಾದವರು ಸ್ಪರ್ಧಿಸುವಂತಿಲ್ಲ ಎಂದು ಅಲ್ಲಿನ ಸಂವಿಧಾನದಲ್ಲೇ ಇತ್ತು.

ಇಲ್ಲೊಂದು ಗೊಂದಲ ಆಗುವುದುಂಟು. ಮಲಾವಿಯ ಜಾಯ್ಸ್ ಬಾಂಡಾ, ಟಾಂಜಾನಿಯಾದ ಸಾಮಿಯಾ ಸುಲುಹು ಹಸನ್ ಕೂಡ ಅಧ್ಯಕ್ಷರು ತೀರಿಕೊಂಡ ಮೇಲೆ ಬಂದವರೇ. ಆದರೆ ಅವರು ಹಂಗಾಮಿಯಲ್ಲ. ಉಪಾಧ್ಯಕ್ಷೆಯರಾಗಿದ್ದರು, ಉಳಿದ ಅವಧಿಗೆ ಪೂರ್ಣ ಅಧ್ಯಕ್ಷೆಯರಾದರು, ಮುಂದೆ ಚುನಾವಣೆಗೂ ನಿಲ್ಲಬಹುದಿತ್ತು. ಲೈಬೀರಿಯಾದ ಎಲೆನ್ ಜಾನ್ಸನ್ ಸರ್ಲೀಫ್ ಅಂತೂ ಮತ ಗೆದ್ದು ಬಂದವರು. ಅವರ ಲೆಕ್ಕವೇ ಬೇರೆ.

ಎರಡನೇ ದಾರಿ ಭಯಾನಕ. ಬುರುಂಡಿಯಲ್ಲಿ 1993ರ ಅಕ್ಟೋಬರ್ 21ರಂದು ಸೈನಿಕರು ಅಧ್ಯಕ್ಷ ಮೆಲ್ಶಿಯರ್ ಎನ್‌ದಾದಾಯೆ ಅವರನ್ನು ಕೊಂದರು. ಮೊದಲ ಸಲ ಜನ ಆರಿಸಿದ್ದ ಅಧ್ಯಕ್ಷ ಅವರು. ಸಂವಿಧಾನದಲ್ಲಿ ಮುಂದಿನ ಹೆಸರು ಸಂಸತ್ತಿನ ಸ್ಪೀಕರ್‌ದು. ಅವರನ್ನೂ ಕೊಂದರು. ಉಪ ಸ್ಪೀಕರ್ ಅನ್ನೂ ಬಿಡಲಿಲ್ಲ. ಪಟ್ಟಿಯಲ್ಲಿದ್ದವರೆಲ್ಲ ಸತ್ತ ಮೇಲೆ ಉಳಿದವರು ಪ್ರಧಾನಿ ಸಿಲ್ವಿ ಕಿನಿಗಿ. ಅರ್ಥಶಾಸ್ತ್ರ ಓದಿದವರು, ಟುಟ್ಸಿ ಸಮುದಾಯದವರು, ಹೂಟು ಸಮುದಾಯದವರನ್ನು ಮದುವೆಯಾದವರು. ಪ್ರಧಾನಿಯಾಗಿ ಆಗಿನ್ನೂ ನಾಲ್ಕು ತಿಂಗಳೂ ತುಂಬಿರಲಿಲ್ಲ. ಫ್ರೆಂಚ್ ರಾಯಭಾರ ಕಚೇರಿಯಲ್ಲಿ ಅಡಗಿ ಜೀವ ಉಳಿಸಿಕೊಂಡರು. ಅಲ್ಲಿಂದಲೇ ಸರ್ಕಾರದ ಚೂರುಪಾರನ್ನು ಒಟ್ಟುಮಾಡಿದರು. 1994ರ ಫೆಬ್ರವರಿ 5ರಂದು ಸಿಪ್ರಿಯನ್ ಎನ್‌ತಾರ್ಯಾಮಿರಾ ಅಧಿಕಾರ ವಹಿಸಿಕೊಳ್ಳುವವರೆಗೆ ದೇಶ ನಡೆಸಿದವರು ಅವರೇ. ಎರಡು ತಿಂಗಳ ನಂತರ ಆ ಹೊಸ ಅಧ್ಯಕ್ಷರೂ ಸತ್ತರು. ರುವಾಂಡಾ ಅಧ್ಯಕ್ಷರ ಜೊತೆ ವಿಮಾನದಲ್ಲಿದ್ದಾಗ ಅದನ್ನು ಹೊಡೆದುರುಳಿಸಿದರಲ್ಲ, ಅದೇ ವಿಮಾನದಲ್ಲಿ.

ಮೂರನೆಯದು ರಾಜಿಯ ದಾರಿ. ಬಂದೂಕು ಹಿಡಿದವರು ಒಬ್ಬರನ್ನೊಬ್ಬರು ಸೋಲಿಸಲಾಗದೆ ಸುಸ್ತಾಗಿರುತ್ತಾರೆ, ಅಥವಾ ಹೊರಗಿನವರು ಕುತ್ತಿಗೆ ಹಿಡಿದಿರುತ್ತಾರೆ. ಯಾರಿಗೂ ಹೆದರಿಕೆ ಹುಟ್ಟಿಸದ ಒಬ್ಬರು ಬೇಕಾಗುತ್ತಾರೆ. 1996ರ ಆಗಸ್ಟ್‌ನಲ್ಲಿ ನೈಜೀರಿಯಾದ ಅಬುಜಾದಲ್ಲಿ ಪಶ್ಚಿಮ ಆಫ್ರಿಕಾದ ದೇಶಗಳು ಸೇರಿ ಲೈಬೀರಿಯಾಕ್ಕೆ ಹೀಗೇ ಒಬ್ಬರನ್ನು ಹುಡುಕಿದವು. ಮಾಜಿ ಸೆನೆಟರ್ ರುತ್ ಪೆರಿ ಸಿಕ್ಕರು. ಆಡಳಿತ ಮಂಡಳಿಗೆ ಅವರು ಅಧ್ಯಕ್ಷೆ. ಮಂಡಳಿಯಲ್ಲಿ ಪಕ್ಕದ ಕುರ್ಚಿಗಳಲ್ಲಿ ಕೂತವರು ಯಾರು ಗೊತ್ತಾ? ಚಾರ್ಲ್ಸ್ ಟೇಲರ್, ಅಲ್ಹಾಜಿ ಕ್ರೋಮಾ, ಜಾರ್ಜ್ ಬೋಲಿ. ಮೂವರೂ ತಂತಮ್ಮ ಪಡೆ ಇಟ್ಟುಕೊಂಡು ಯುದ್ಧ ಮಾಡುತ್ತಿದ್ದವರು. 1997ರ ಜುಲೈನಲ್ಲಿ ಚುನಾವಣೆ ಆಯಿತು, ಟೇಲರ್ ಸುಮಾರು ಶೇ. 75 ಮತ ಪಡೆದು ಗೆದ್ದರು. ಪೆರಿ ಒಂದು ವರ್ಷ ತುಂಬುವ ಮೊದಲೇ ಮನೆಗೆ ಹೋದರು. ಈಗಿನ ಕಾಲದ ಆಫ್ರಿಕಾದ ಮೊದಲ ಮಹಿಳಾ ರಾಷ್ಟ್ರಾಧ್ಯಕ್ಷೆ ಎಂದು ಸಾಮಾನ್ಯವಾಗಿ ಹೆಸರಿಸುವುದು ಇವರನ್ನೇ. ಅದಕ್ಕೂ ಮೊದಲು, 1984ರಲ್ಲಿ, ಗಿನಿ-ಬಿಸಾವುನಲ್ಲಿ ಕಾರ್ಮೆನ್ ಪೆರೇರಾ ಹಂಗಾಮಿಯಾಗಿದ್ದರು. ಮೂರೇ ದಿನ. ಪಟ್ಟಿ ಮಾಡುವವರು ಹೆಚ್ಚಾಗಿ ಮರೆತುಬಿಡುತ್ತಾರೆ.

ಸಾಂಬಾ-ಪಾಂಜಾ ಬಂದದ್ದು ಈ ಮೂರನೇ ದಾರಿಯಲ್ಲಿ.

ಬಾಂಗಿಯಲ್ಲಿ ಆಗಿದ್ದೇನು

ಸೆಂಟ್ರಲ್ ಆಫ್ರಿಕನ್ ರಿಪಬ್ಲಿಕ್ ದೊಡ್ಡ ದೇಶ. ವಿಸ್ತೀರ್ಣದಲ್ಲಿ ಕರ್ನಾಟಕದ ಮೂರು ಪಟ್ಟಿಗಿಂತ ಜಾಸ್ತಿ. ಜನ ಮಾತ್ರ ಆಗ ಐವತ್ತು ಲಕ್ಷವೂ ಇರಲಿಲ್ಲ. ವಜ್ರ ಇದೆ, ಚಿನ್ನ ಇದೆ, ದಟ್ಟ ಕಾಡಿದೆ. ಸಮುದ್ರ ಇಲ್ಲ. ಸಾಮಾನು ಬರಬೇಕೆಂದರೆ ಕ್ಯಾಮರೂನ್‌ನ ದುವಾಲಾ ಬಂದರಿನಿಂದ ಲಾರಿಗಳು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಬರಬೇಕು.

ಫ್ರಾನ್ಸ್‌ನಿಂದ 1960ರ ಆಗಸ್ಟ್ 13ರಂದು ಸ್ವಾತಂತ್ರ್ಯ ಬಂತು. ಆಮೇಲಿನ ಕಥೆ ಹೆಚ್ಚಾಗಿ ಒಬ್ಬರನ್ನು ತಳ್ಳಿ ಇನ್ನೊಬ್ಬರು ಬಂದದ್ದು. 1965ರ ಕೊನೆಯ ರಾತ್ರಿ ಬೊಕಾಸಾ ಎಂಬ ಸೇನಾಧಿಕಾರಿ ಅಧಿಕಾರ ಕಿತ್ತುಕೊಂಡರು. 1977ರ ಡಿಸೆಂಬರ್ 4ರಂದು ಕಿರೀಟ ಇಟ್ಟುಕೊಂಡು ಚಕ್ರವರ್ತಿಯೇ ಆದರು. ಇದೇ ಬೊಕಾಸಾ 1975ರಲ್ಲಿ ಎಲಿಸಬೆತ್ ದೊಮಿಸಿಯನ್ ಅವರನ್ನು ಪ್ರಧಾನಿ ಮಾಡಿದ್ದರು. ಆಫ್ರಿಕಾದ ಮೊದಲ ಮಹಿಳಾ ಪ್ರಧಾನಿ ಅವರು. ಮರುವರ್ಷ ಕಿತ್ತು ಹಾಕಿದರು. ಕಿರೀಟದ ಯೋಚನೆಗೆ ಆಕೆ ಒಪ್ಪಲಿಲ್ಲ, ಅದಕ್ಕೇ ಎನ್ನುತ್ತಾರೆ. 1979ರಲ್ಲಿ ಫ್ರೆಂಚ್ ಸೈನಿಕರೇ ಬಂದು ಬೊಕಾಸಾರನ್ನು ಇಳಿಸಿದರು. 1981, 2003, 2013ರಲ್ಲಿ ಮತ್ತೆ ಬಲವಂತದ ಬದಲಾವಣೆ. ಚುನಾವಣೆಯಲ್ಲಿ ಸೋತು ತಾವೇ ಕುರ್ಚಿ ಬಿಟ್ಟುಕೊಟ್ಟವರು ಒಬ್ಬರೇ, 1993ರಲ್ಲಿ ಆಂದ್ರೆ ಕೊಲಿಂಗ್ಬಾ.

2013ರ ಮಾರ್ಚ್ 24ರಂದು ಸೆಲೆಕಾ ಎಂಬ ಬಂಡುಕೋರರ ಒಕ್ಕೂಟ ಬಾಂಗಿಗೆ ನುಗ್ಗಿತು. ಅಧ್ಯಕ್ಷ ಫ್ರಾನ್ಸ್ವಾ ಬೊಜಿಜೆ ಓಡಿಹೋದರು. ಬಂಡುಕೋರರ ನಾಯಕ ಮಿಶೆಲ್ ಜೊತೋದಿಯಾ ಅಧ್ಯಕ್ಷರೆಂದು ಘೋಷಿಸಿಕೊಂಡರು. ಸೆಲೆಕಾದಲ್ಲಿ ಹೆಚ್ಚಿನವರು ದೇಶದ ಈಶಾನ್ಯ ಭಾಗದ ಮುಸ್ಲಿಮರು. ರಾಜಧಾನಿಯಲ್ಲಿ ಕೂತ ಸರ್ಕಾರಗಳು ಆ ಕಡೆ ರಸ್ತೆ, ಶಾಲೆ ಏನೂ ಕೊಟ್ಟಿರಲಿಲ್ಲ, ಆ ಸಿಟ್ಟು ನಿಜ. ಆದರೆ ಬಾಂಗಿಗೆ ಬಂದವರು ಮಾಡಿದ್ದು ಲೂಟಿ, ಕೊಲೆ. ಅದಕ್ಕೆ ಎದುರಾಗಿ ಹಳ್ಳಿಗಳಲ್ಲಿ ಆಂಟಿ-ಬಲಾಕಾ ಎಂಬ ಗುಂಪುಗಳು ಎದ್ದವು. ಹೆಚ್ಚಿನವರು ಕ್ರೈಸ್ತರು, ಜೊತೆಗೆ ಸ್ಥಳೀಯ ನಂಬಿಕೆಗಳವರು, ಬೊಜಿಜೆ ಕಾಲದ ಸೈನಿಕರು. ಅವರು ಸೆಲೆಕಾದವರನ್ನು ಮಾತ್ರ ಹುಡುಕಲಿಲ್ಲ. ಸಿಕ್ಕ ಮುಸ್ಲಿಮರನ್ನೆಲ್ಲ ಬೇಟೆಯಾಡಿದರು. ಇದನ್ನು ಧರ್ಮಯುದ್ಧ ಎಂದು ಬರೆದು ಕೈತೊಳೆದುಕೊಳ್ಳುವುದು ಸುಲಭ. ಅಧಿಕಾರ, ವಜ್ರದ ಗಣಿ, ದನಗಾಹಿಗಳು ಮತ್ತು ರೈತರ ನಡುವಿನ ಜಾಗದ ಜಗಳ, ಇವೆಲ್ಲ ಒಳಗಿದ್ದವು. ಧರ್ಮ ಅವಕ್ಕೆ ಬಾವುಟವಾಯಿತು.

2013ರ ಡಿಸೆಂಬರ್ 5ರಂದು ಆಂಟಿ-ಬಲಾಕಾ ಬಾಂಗಿಯ ಮೇಲೆ ದಾಳಿ ಮಾಡಿತು. ಊರು ಹೊತ್ತಿ ಉರಿಯಿತು. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅದೇ ದಿನ ಆಫ್ರಿಕಾ ಒಕ್ಕೂಟದ ಪಡೆಗೂ ಫ್ರೆಂಚ್ ಪಡೆಗೂ ಅನುಮತಿ ಕೊಟ್ಟಿತು. ಫ್ರೆಂಚರು ತಮ್ಮ ಕಾರ್ಯಾಚರಣೆಗೆ ಸಾಂಗಾರಿಸ್ ಎಂದು ಹೆಸರಿಟ್ಟರು, ಆ ಕಡೆಯ ಒಂದು ಚಿಟ್ಟೆಯ ಹೆಸರು. ಬೇಗ ಬಂದು ಬೇಗ ಹೋಗುವ ಲೆಕ್ಕವಿತ್ತೇನೋ. 2016ರ ಅಕ್ಟೋಬರ್‌ವರೆಗೆ ಅಲ್ಲೇ ಇರಬೇಕಾಯಿತು. ಬಾಂಗಿಯ ಎಂ'ಪೋಕೊ ವಿಮಾನ ನಿಲ್ದಾಣದಲ್ಲಿ ರನ್‌ವೇ ಪಕ್ಕದಲ್ಲೇ ಸುಮಾರು ಒಂದು ಲಕ್ಷ ಜನ ಬೀಡುಬಿಟ್ಟರು. ಕೆಟ್ಟು ನಿಂತ ಹಳೇ ವಿಮಾನಗಳ ರೆಕ್ಕೆ ಕೆಳಗೆ ಟಾರ್ಪಾಲಿನ್ ಕಟ್ಟಿಕೊಂಡು ಸಂಸಾರ ಮಾಡಿದರು. ವಿದೇಶಿ ಸೈನಿಕರು ಅಲ್ಲೇ ಇರುತ್ತಾರೆ, ಕೊಲ್ಲಲು ಬರುವವರು ಯೋಚಿಸುತ್ತಾರೆ ಎಂಬ ಧೈರ್ಯ.

ಇನ್ನು ಜೊತೋದಿಯಾರಿಂದ ಆಗದು ಎಂದು ನೆರೆಯ ದೇಶಗಳು ತೀರ್ಮಾನಿಸಿದವು. 2014ರ ಜನವರಿ 9 ಮತ್ತು 10ರಂದು ಚಾಡ್‌ನ ರಾಜಧಾನಿ ಎನ್‌ಜಮೆನಾದಲ್ಲಿ ಸಭೆ ಕರೆದರು. ಚಾಡ್ ಅಧ್ಯಕ್ಷ ಇದ್ರಿಸ್ ದೆಬಿ ಮಾಡಿದ ಕೆಲಸ ನೋಡಿ. ಬಾಂಗಿಯ ಹಂಗಾಮಿ ಸಂಸತ್ತಿನ ಸದಸ್ಯರನ್ನೆಲ್ಲ ವಿಮಾನಕ್ಕೆ ಹತ್ತಿಸಿ ಎನ್‌ಜಮೆನಾಕ್ಕೆ ಕರೆಸಿಕೊಂಡರು. ಒಂದು ದೇಶದ ಶಾಸನಸಭೆ ಇನ್ನೊಂದು ದೇಶದಲ್ಲಿ ರಾತ್ರಿಯಿಡೀ ಕೂತು ತನ್ನ ಅಧ್ಯಕ್ಷರ ಭವಿಷ್ಯ ಚರ್ಚಿಸಿತು. ಬೆಳಗಾದ ಮೇಲೆ ಜೊತೋದಿಯಾ, ಪ್ರಧಾನಿ ಇಬ್ಬರೂ ರಾಜೀನಾಮೆ ಕೊಟ್ಟರು. ಸಂಸತ್ತಿನ ಸ್ಪೀಕರ್ ಅಲೆಕ್ಸಾಂಡರ್-ಫರ್ಡಿನಾಂಡ್ ಎನ್‌ಗೆಂಡೆ ಎರಡು ವಾರ ಹಂಗಾಮಿಗೆ ಹಂಗಾಮಿಯಾಗಿ ಕೂತರು. ಸಂಸತ್ತಿನ ಸದಸ್ಯರು ಅಧ್ಯಕ್ಷ ಹುದ್ದೆಗೆ ಸ್ಪರ್ಧಿಸುವಂತಿಲ್ಲ ಎಂಬ ನಿಯಮ ಅವರನ್ನೂ ಹೊರಗಿಟ್ಟಿತು.

ಈ ಹೊತ್ತಿನಲ್ಲಿ ಸಾಂಬಾ-ಪಾಂಜಾ ಹೆಸರು ಮುಂದೆ ಬಂತು. ಹುಟ್ಟಿದ್ದು 1954ರಲ್ಲಿ, ಈಗಿನ ಎನ್‌ಜಮೆನಾದಲ್ಲೇ. ತಂದೆ ಕ್ಯಾಮರೂನ್‌ನವರು, ತಾಯಿ ಸೆಂಟ್ರಲ್ ಆಫ್ರಿಕಾದವರು. 18ನೇ ವಯಸ್ಸಿನಲ್ಲಿ ತಾಯಿಯ ನಾಡಿಗೆ ಬಂದರು. ಫ್ರಾನ್ಸ್‌ನಲ್ಲಿ ಕಾನೂನು ಓದಿದರು, ವಿಮಾ ಕಂಪನಿಯಲ್ಲಿ ಕೆಲಸ ಮಾಡಿ ಆಮೇಲೆ ತಮ್ಮದೇ ವಿಮಾ ದಲ್ಲಾಳಿ ಸಂಸ್ಥೆ ತೆರೆದರು. ಮಹಿಳಾ ವಕೀಲರ ಸಂಘದಲ್ಲಿ ದೌರ್ಜನ್ಯಕ್ಕೊಳಗಾದ ಹೆಂಗಸರ ಪರ ಓಡಾಡಿದವರು. 2003ರ ರಾಷ್ಟ್ರೀಯ ಸಂವಾದ ಸಭೆಗೆ ಉಪಾಧ್ಯಕ್ಷೆಯಾಗಿದ್ದರು. 2013ರ ಜೂನ್‌ನಲ್ಲಿ, ಸೆಲೆಕಾ ಕಾಲದಲ್ಲೇ, ಎರಡೂ ಕಡೆಯವರ ಒಪ್ಪಿಗೆಯಿಂದ ಬಾಂಗಿಯ ಮೇಯರ್ ಆದರು. ಕ್ರೈಸ್ತರು, ಆದರೆ ಆಂಟಿ-ಬಲಾಕಾ ಜೊತೆ ನಂಟಿಲ್ಲ. ಸೆಲೆಕಾ ಕಾಲದಲ್ಲಿ ಹುದ್ದೆ ಪಡೆದವರು, ಆದರೆ ಸೆಲೆಕಾದವರಲ್ಲ. ಪಕ್ಷವಿಲ್ಲ, ಪಡೆಯಿಲ್ಲ.

ಮಹಿಳೆಯರೇ ಏಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಹೆಂಗಸರು ಶಾಂತಿಪ್ರಿಯರು ಎಂಬ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅಧಿಕಾರದ ಆಟದಿಂದ ಅವರನ್ನು ದೂರ ಇಟ್ಟಿದ್ದರಿಂದಲೇ ಅವರ ಕೈಗೆ ರಕ್ತ ಅಂಟಿರಲಿಲ್ಲ, ಅವರ ಹಿಂದೆ ಪಡೆ ಇರಲಿಲ್ಲ. ರಾಜಿ ಕುದುರಿಸುವವರಿಗೆ ಬೇಕಾದದ್ದು ಅದೇ. ಈಕೆ ನಾಳೆ ನಮಗೆ ಎದುರಾಳಿ ಆಗಲಾರಳು ಎಂದು ಎಲ್ಲರೂ ಒಳಗೊಳಗೇ ಲೆಕ್ಕ ಹಾಕಿಕೊಂಡು ಮತ ಹಾಕುತ್ತಾರೆ. ಯಾವ ಕಾರಣಕ್ಕೆ ಆರಿಸಿದರೋ ಅದೇ ಮುಂದೆ ಕಾಲಿಗೆ ತೊಡಕಾಗುತ್ತದೆ.

ಕೈಯಲ್ಲಿ ಏನಿತ್ತು

ಜನವರಿ 23ರಂದು ಪ್ರಮಾಣವಚನ. ಆಯ್ಕೆಯಾದ ದಿನವೇ ಎರಡೂ ಕಡೆಯ ಹೋರಾಟಗಾರರನ್ನು "ನನ್ನ ಮಕ್ಕಳು" ಎಂದು ಕರೆದು ಆಯುಧ ಕೆಳಗಿಡಿ ಎಂದು ಕೇಳಿಕೊಂಡಿದ್ದರು. ಬೀದಿಯಲ್ಲಿ ಜನ ಕುಣಿದರು. ಎರಡೂ ಕಡೆಯವರು ಸ್ವಾಗತಿಸಿದರು.

ಎರಡು ವಾರವೂ ಕಳೆದಿರಲಿಲ್ಲ. ಫೆಬ್ರವರಿ 5ರಂದು ಬಾಂಗಿಯಲ್ಲಿ ಒಂದು ಸಮಾರಂಭ. ಚದುರಿಹೋಗಿದ್ದ ರಾಷ್ಟ್ರೀಯ ಸೇನೆ ಮತ್ತೆ ಸಮವಸ್ತ್ರ ಹಾಕಿಕೊಂಡು ಸಾಲಾಗಿ ನಿಂತಿತ್ತು. ಅಧ್ಯಕ್ಷೆ ಭಾಷಣ ಮಾಡಿದರು, ಇಷ್ಟು ಸೈನಿಕರನ್ನು ಒಟ್ಟಿಗೆ ನೋಡಿ ಹೆಮ್ಮೆಯಾಗುತ್ತಿದೆ ಎಂಬ ಧಾಟಿಯಲ್ಲಿ ಮಾತಾಡಿದರು, ಹೊರಟರು. ಅವರು ಹೋಗಿ ಕೆಲವೇ ನಿಮಿಷ. ಒಬ್ಬನನ್ನು ಸೆಲೆಕಾದವನು ಎಂದು ಯಾರೋ ತೋರಿಸಿದರು. ಅದೇ ಸಮವಸ್ತ್ರದ ಸೈನಿಕರು ಅವನ ಮೇಲೆ ಮುಗಿಬಿದ್ದರು. ತುಳಿದರು, ಇರಿದರು, ಕೊಂದರು, ಹೆಣವನ್ನು ಬೀದಿಯಲ್ಲಿ ಎಳೆದಾಡಿದರು. ವಿದೇಶಿ ಪತ್ರಕರ್ತರು ಅಲ್ಲೇ ಇದ್ದರು, ಕ್ಯಾಮೆರಾ ಎದುರೇ ನಡೆಯಿತು. ಅಧ್ಯಕ್ಷೆ ಸೇನೆಯ ಮಹಾದಂಡನಾಯಕಿ ಎಂದು ಕಾಗದದಲ್ಲಿ ಬರೆದಿತ್ತು.

ಆ ಒಂದು ಘಟನೆ ಸಾಕು, ಹಂಗಾಮಿ ಅಧ್ಯಕ್ಷೆಯ ಬಲ ಎಷ್ಟು ಎಂದು ತಿಳಿಯಲು. ಸೇನೆ ಮಾತು ಕೇಳುವುದಿಲ್ಲ. ವಿಶ್ವಸಂಸ್ಥೆ ದೇಶಕ್ಕೆ ಶಸ್ತ್ರಾಸ್ತ್ರ ನಿರ್ಬಂಧ ಹಾಕಿದ್ದರಿಂದ ಆ ಸೇನೆಗೆ ಹೊಸ ಬಂದೂಕು ತರಿಸುವ ಹಾಗೂ ಇಲ್ಲ. ರಕ್ಷಣೆಗೆ ಇರುವವರು ಫ್ರೆಂಚರು ಮತ್ತು ಆಫ್ರಿಕಾ ಒಕ್ಕೂಟದವರು, ಅವರಿಗೆ ಆದೇಶ ಬರುವುದು ಬೇರೆ ಕಡೆಯಿಂದ. ಖಜಾನೆ ಖಾಲಿ. ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಆಗಿಲ್ಲ, ಸಂಬಳ ಕೊಡಲು ಹೊರಗಿನವರ ಹತ್ತಿರ ಕೈಚಾಚಬೇಕು. ಉತ್ತರ ಮತ್ತು ಪೂರ್ವ ಸೆಲೆಕಾದ ಕಮಾಂಡರ್‌ಗಳ ಕೈಯಲ್ಲಿ, ಪಶ್ಚಿಮ ಆಂಟಿ-ಬಲಾಕಾ ಕೈಯಲ್ಲಿ. ಕೈಕಾಲು ಕಟ್ಟಿ ಬಾವಿಗಿಳಿಸಿ ಈಜು ಅಂದ ಹಾಗೆ.

ಒಂದು ವಾರದ ನಂತರ, ಫೆಬ್ರವರಿ 12ರಂದು, ಎಂಬಾಯಿಕಿ ಎಂಬ ಪಟ್ಟಣಕ್ಕೆ ಹೋದಾಗ ಅವರ ಮಾತೇ ಬದಲಾಗಿತ್ತು. ನಾನು ಹೆಂಗಸು ಎಂದು ಮೆತ್ತಗೆ ಅಂದುಕೊಂಡಿದ್ದಾರೆ, ಕೊಲ್ಲಲು ಹೊರಟ ಆಂಟಿ-ಬಲಾಕಾದವರನ್ನು ಇನ್ನು ನಾವೇ ಬೇಟೆಯಾಡುತ್ತೇವೆ ಎಂಬರ್ಥದಲ್ಲಿ ಗುಡುಗಿದರು. ಮಾತು ಗಟ್ಟಿಯಾಗಿತ್ತು. ಬೇಟೆಯಾಡಲು ಪಡೆ ಇರಲಿಲ್ಲ. ಆ ತಿಂಗಳುಗಳಲ್ಲೇ ಮುಸ್ಲಿಮರು ಲಾರಿಗಳಲ್ಲಿ ತುಂಬಿಕೊಂಡು ಚಾಡ್ ಮತ್ತು ಕ್ಯಾಮರೂನ್ ಕಡೆ ಗುಳೆ ಹೋದರು. ಬಾಂಗಿಯಲ್ಲಿ ಉಳಿದವರು ಪಿಕೆ-5 ಎಂಬ ವ್ಯಾಪಾರದ ಬಡಾವಣೆಯೊಳಗೆ ಸಿಕ್ಕಿಹಾಕಿಕೊಂಡರು. ಹೊರಗೆ ಕಾಲಿಟ್ಟರೆ ಜೀವಕ್ಕೆ ಖಾತ್ರಿಯಿಲ್ಲ.

ಸಮತೋಲನಕ್ಕೆಂದು 2014ರ ಆಗಸ್ಟ್‌ನಲ್ಲಿ ಮಹಮತ್ ಕಮೂನ್ ಎಂಬ ಮುಸ್ಲಿಂ ಅಧಿಕಾರಿಯನ್ನು ಪ್ರಧಾನಿ ಮಾಡಿದರು. ದೇಶದ ಮೊದಲ ಮುಸ್ಲಿಂ ಪ್ರಧಾನಿ. ಸೆಲೆಕಾ ಖುಷಿಯಾಗಬೇಕಿತ್ತು ಅಲ್ವಾ? ಇಲ್ಲ, ಇವರು ನಮ್ಮವರಲ್ಲ, ನಮ್ಮನ್ನು ಕೇಳಲೇ ಇಲ್ಲ ಎಂದು ಮುನಿಸಿಕೊಂಡಿತು. ಇನ್ನು ದುಡ್ಡಿನ ವಿಷಯದಲ್ಲೂ ಹೆಸರು ಕೆಟ್ಟಿತು. ಅಂಗೋಲಾ ಕೊಟ್ಟ ಒಂದು ಕೋಟಿ ಡಾಲರ್ ನೆರವಿನಲ್ಲಿ 25 ಲಕ್ಷ ಡಾಲರ್ ಲೆಕ್ಕಕ್ಕೆ ಸಿಗುತ್ತಿಲ್ಲ ಎಂದು 2014ರ ಅಕ್ಟೋಬರ್‌ನಲ್ಲಿ ಸುದ್ದಿಯಾಯಿತು. ರಾಜೀನಾಮೆಗೆ ಒತ್ತಾಯ ಬಂತು. ಕಳಂಕವಿಲ್ಲದವರು ಎಂಬ ಕಾರಣಕ್ಕೇ ಕೂರಿಸಿದ ವ್ಯಕ್ತಿಗೆ ಇದು ಸಣ್ಣ ಪೆಟ್ಟಲ್ಲ. ಇದನ್ನು ಮುಚ್ಚಿಟ್ಟು ಅವರನ್ನು ದೇವತೆ ಮಾಡುವುದು ಬೇಡ.

ಇಷ್ಟಾದರೂ ಆದದ್ದು

2015ರ ಮೇ 4ರಿಂದ 11ರವರೆಗೆ ನಡೆದ ಬಾಂಗಿ ಫೋರಂ ಎಂಬ ಶಾಂತಿ ಸಭೆ ನನ್ನ ಪ್ರಕಾರ ಅವರ ಕಾಲದ ಒಳ್ಳೆಯ ಕೆಲಸ. ಅದಕ್ಕೂ ಮೊದಲು ದೇಶದ ಮೂಲೆಮೂಲೆಗಳಲ್ಲಿ ಜನರನ್ನು ಕೂರಿಸಿ ಅಭಿಪ್ರಾಯ ಕೇಳಿದ್ದರು. ಆಮೇಲೆ 600ಕ್ಕೂ ಹೆಚ್ಚು ಪ್ರತಿನಿಧಿಗಳು ರಾಜಧಾನಿಗೆ ಬಂದರು. ಹತ್ತು ಸಶಸ್ತ್ರ ಗುಂಪುಗಳು ಆಯುಧ ಬಿಡುವ ಒಪ್ಪಂದಕ್ಕೆ ಸಹಿ ಹಾಕಿದವು. ಸಹಿ ಹಾಕಿದಷ್ಟು ಸುಲಭವಾಗಿ ಬಂದೂಕು ಬರಲಿಲ್ಲ. ಆದರೆ ಕೊಲೆಗಾರರಿಗೆ ಸಾರಾಸಗಟು ಕ್ಷಮೆ ಬೇಡ ಎಂದು ಆ ಸಭೆ ಹೇಳಿತು. ಹಿಂದಿನ ಪ್ರತಿ ಶಾಂತಿ ಮಾತುಕತೆಯೂ ಕ್ಷಮಾದಾನದಲ್ಲೇ ಮುಗಿಯುತ್ತಿದ್ದ ದೇಶದಲ್ಲಿ ಇದು ದೊಡ್ಡ ಮಾತು.

ಹೇಳಿದ್ದಕ್ಕೆ ಕಾಗದದ ಬೆಂಬಲವೂ ಇತ್ತು. 2014ರ ಮೇ 30ರಂದೇ ಅವರ ಸರ್ಕಾರ ದೇಶದ ಪರಿಸ್ಥಿತಿಯನ್ನು ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಒಪ್ಪಿಸಿತ್ತು. 2015ರ ಜೂನ್‌ನಲ್ಲಿ ಬಾಂಗಿಯಲ್ಲೇ ವಿಶೇಷ ಅಪರಾಧ ನ್ಯಾಯಾಲಯ ಸ್ಥಾಪಿಸುವ ಕಾನೂನು ಬಂತು, ಸ್ಥಳೀಯ ಮತ್ತು ವಿದೇಶಿ ನ್ಯಾಯಾಧೀಶರು ಒಟ್ಟಿಗೆ ಕೂರುವಂಥದ್ದು. ಕೆಲಸ ಆಮೆವೇಗದಲ್ಲಿ ಸಾಗಿತು. ಆ ವಿಶೇಷ ನ್ಯಾಯಾಲಯದ ಮೊದಲ ತೀರ್ಪು ಬಂದದ್ದು 2022ರಲ್ಲಿ. ಹೇಗ್‌ನಲ್ಲಿ ಆಂಟಿ-ಬಲಾಕಾದ ಇಬ್ಬರು ನಾಯಕರಾದ ಆಲ್ಫ್ರೆಡ್ ಯೆಕಾತೊಮ್ ಮತ್ತು ಪಾತ್ರಿಸ್-ಎದುವಾರ್ ಎನ್‌ಗಾಯಿಸೊನಾಗೆ 2025ರ ಜುಲೈ 24ರಂದು ಶಿಕ್ಷೆಯಾಯಿತು. ಒಬ್ಬರಿಗೆ 15 ವರ್ಷ, ಇನ್ನೊಬ್ಬರಿಗೆ 12 ವರ್ಷ. ಎರಡು ವರ್ಷ ಇದ್ದು ಹೋದ ಹಂಗಾಮಿ ಸರ್ಕಾರದ ಒಂದು ಪತ್ರ ಹನ್ನೊಂದು ವರ್ಷದ ನಂತರ ಫಲ ಕೊಟ್ಟಿತು. ಪಡೆ ಇಲ್ಲದವರ ಕೈಯಲ್ಲಿ ಉಳಿಯುವ ಅಸಲಿ ಅಧಿಕಾರ ಇದು: ಸಹಿ.

ಚುನಾವಣೆ ಮಾತ್ರ ಮುಂದೂಡುತ್ತಲೇ ಹೋಯಿತು. 2015ರ ಫೆಬ್ರವರಿಗೆ ಮುಗಿಯಬೇಕಿದ್ದ ಅವಧಿ ಆಗಸ್ಟ್‌ಗೆ ಹೋಯಿತು, ಅಲ್ಲಿಂದ ಡಿಸೆಂಬರ್‌ಗೆ, ಅಲ್ಲಿಂದ ಮರುವರ್ಷದ ಮಾರ್ಚ್‌ಗೆ. 2015ರ ಸೆಪ್ಟೆಂಬರ್ 26ರಂದು ಒಬ್ಬ ಮುಸ್ಲಿಂ ಬೈಕ್ ಟ್ಯಾಕ್ಸಿ ಚಾಲಕನ ಕೊಲೆಯಾಯಿತು. ಬಾಂಗಿ ಮತ್ತೆ ಹೊತ್ತಿಕೊಂಡಿತು. ಹತ್ತಾರು ಜನ ಸತ್ತರು, ಎನ್‌ಗರಾಗ್ಬಾ ಜೈಲಿನಿಂದ 500ಕ್ಕೂ ಹೆಚ್ಚು ಕೈದಿಗಳು ಓಡಿಹೋದರು. ವಿಶ್ವಸಂಸ್ಥೆ ಸಭೆಗೆಂದು ನ್ಯೂಯಾರ್ಕ್‌ಗೆ ಹೋಗಿದ್ದ ಅಧ್ಯಕ್ಷೆ ಅರ್ಧಕ್ಕೇ ವಾಪಸ್ ಬಂದರು. ಚುನಾವಣೆ ಆಗುವುದೇ ಇಲ್ಲ ಎನ್ನುವ ಸ್ಥಿತಿ.

ಅದರ ನಡುವೆ ಪೋಪ್ ಫ್ರಾನ್ಸಿಸ್ ಬಂದರು. ಬರಬೇಡಿ, ಭದ್ರತೆ ಕಷ್ಟ ಎಂದು ಫ್ರೆಂಚರು ಎಚ್ಚರಿಸಿದ್ದರೂ ನವೆಂಬರ್ 29ರಂದು ಬಂದಿಳಿದರು. ಮರುದಿನ ಪಿಕೆ-5ರ ಮಸೀದಿಗೂ ಹೋದರು. ತಿಂಗಳುಗಳಿಂದ ಆ ಗಡಿ ದಾಟದಿದ್ದ ಕ್ರೈಸ್ತರು ಅವತ್ತು ಅವರ ಹಿಂದೆ ಒಳಗೆ ನಡೆದರು. ಡಿಸೆಂಬರ್‌ನಲ್ಲಿ ಹೊಸ ಸಂವಿಧಾನಕ್ಕೆ ಜನಮತ ನಡೆಯಿತು. ಡಿಸೆಂಬರ್ 30ರಂದು ಅಧ್ಯಕ್ಷ ಚುನಾವಣೆಯ ಮೊದಲ ಸುತ್ತು, ಕಣದಲ್ಲಿ 30 ಮಂದಿ. 2016ರ ಫೆಬ್ರವರಿ 14ರ ಎರಡನೇ ಸುತ್ತಿನಲ್ಲಿ ಗಣಿತದ ಪ್ರೊಫೆಸರ್, ಮಾಜಿ ಪ್ರಧಾನಿ ಫೌಸ್ತಿನ್-ಆರ್ಕಾಂಜ್ ತುವಾದೆರಾ ಸುಮಾರು ಶೇ. 63 ಮತ ಪಡೆದರು. ಮಾರ್ಚ್ 30ರಂದು ಸಾಂಬಾ-ಪಾಂಜಾ ಅಧಿಕಾರ ಹಸ್ತಾಂತರಿಸಿದರು. 1993ರ ಕೊಲಿಂಗ್ಬಾ ನಂತರ ಹೀಗೆ ಚುನಾವಣೆ ಗೆದ್ದವರಿಗೆ ಕುರ್ಚಿ ಬಿಟ್ಟುಕೊಟ್ಟು ಹೊರನಡೆದವರು ಇವರೇ.

ಆ ಒಂದು ಷರತ್ತು

ಅಧಿಕಾರ ಹಸ್ತಾಂತರವನ್ನು ದೊಡ್ಡ ಸಾಧನೆ ಅನ್ನಬೇಕಾ ಎಂದು ಕೇಳಬಹುದು. ಷರತ್ತೇ ಹಾಗಿತ್ತಲ್ಲ, ನಿಲ್ಲುವಂತಿರಲಿಲ್ಲವಲ್ಲ. ಸರಿ, ಆಮೇಲೆ ಬಂದ "ಹಂಗಾಮಿ"ಗಳನ್ನು ನೋಡಿ. ಚಾಡ್‌ನಲ್ಲಿ 2021ರ ಏಪ್ರಿಲ್‌ನಲ್ಲಿ ಇದ್ರಿಸ್ ದೆಬಿ ಸತ್ತರು. ಸಂವಿಧಾನ ಪಕ್ಕಕ್ಕಿಟ್ಟು ಮಗ ಮಹಮತ್ ದೆಬಿ ಸೇನಾ ಮಂಡಳಿಯ ಮುಖ್ಯಸ್ಥರಾಗಿ ಬಂದರು. 18 ತಿಂಗಳ ಮಾತು ಮೂರು ವರ್ಷವಾಯಿತು. 2024ರ ಮೇನಲ್ಲಿ ತಾವೇ ಚುನಾವಣೆಗೆ ನಿಂತು ಗೆದ್ದರು. ಗ್ಯಾಬನ್‌ನಲ್ಲಿ 2023ರ ಆಗಸ್ಟ್‌ನಲ್ಲಿ ಅಲಿ ಬೊಂಗೊರನ್ನು ಇಳಿಸಿದ ಜನರಲ್ ಒಲಿಗಿ ಎನ್‌ಗೆಮಾ ಕೂಡ ಹಂಗಾಮಿ ಅಧ್ಯಕ್ಷರೆಂದೇ ಕರೆದುಕೊಂಡರು. 2025ರ ಏಪ್ರಿಲ್‌ನಲ್ಲಿ ನಿಂತರು, ಗೆದ್ದರು. ರೊಗೊಂಬೆ ನಾಲ್ಕು ತಿಂಗಳಲ್ಲಿ ಕೆಲಸ ಮುಗಿಸಿ ಎದ್ದುಹೋದ ಅದೇ ಗ್ಯಾಬನ್‌ನಲ್ಲಿ.

ಪಡೆ ಇರುವವರಿಗೆ ಆ ಷರತ್ತನ್ನು ಹಾಕಲು ಯಾರಿಗೂ ಧೈರ್ಯ ಬರುವುದಿಲ್ಲ. ಹಾಕಿದರೂ ತಿದ್ದಿಕೊಳ್ಳುತ್ತಾರೆ. ಪಡೆ ಇಲ್ಲದವರಿಗೆ ಹಾಕುವುದು ಸುಲಭ, ಅವರು ಪಾಲಿಸುತ್ತಾರೆ ಕೂಡ. ಹಾಗಾಗಿ ಹಂಗಾಮಿ ಅಧ್ಯಕ್ಷೆಯರ ಪಟ್ಟಿಯಲ್ಲಿ ಕುರ್ಚಿ ಬಿಡದವರು ಒಬ್ಬರೂ ಸಿಗುವುದಿಲ್ಲ. ಗುಣವನ್ನೂ ಮೆಚ್ಚೋಣ, ಆದರೆ ಅವರಿಗೆ ಬೇರೆ ದಾರಿ ಇಟ್ಟಿರಲಿಲ್ಲ ಎನ್ನುವುದನ್ನೂ ಮರೆಯಬಾರದು.

2020ರ ಡಿಸೆಂಬರ್‌ನಲ್ಲಿ ಸಾಂಬಾ-ಪಾಂಜಾ ನಿಜವಾದ ಅಭ್ಯರ್ಥಿಯಾಗಿ ಅಧ್ಯಕ್ಷ ಚುನಾವಣೆಗೆ ನಿಂತರು. ಆಗ ತಡೆಯುವ ಷರತ್ತು ಇರಲಿಲ್ಲ. ಪಕ್ಷದ ಬಲವೂ ಇರಲಿಲ್ಲ. ಬಿದ್ದ ಮತ ತೀರಾ ಕಡಿಮೆ, ತುವಾದೆರಾ ಮೊದಲ ಸುತ್ತಿನಲ್ಲೇ ಗೆದ್ದರು. ಹಂಗಾಮಿ ಕಾಲದಲ್ಲಿ ಜನಮತಕ್ಕೆ ಹಾಕಿದ್ದ ಸಂವಿಧಾನ ಒಬ್ಬ ಅಧ್ಯಕ್ಷರಿಗೆ ಎರಡೇ ಅವಧಿ ಎಂದು ಹೇಳಿತ್ತು. 2023ರ ಜುಲೈ 30ರಂದು ತುವಾದೆರಾ ಇನ್ನೊಂದು ಜನಮತ ನಡೆಸಿದರು. ಹೊಸ ಸಂವಿಧಾನದಲ್ಲಿ ಎರಡು ಅವಧಿಯ ಮಿತಿ ಇಲ್ಲ. ಅಧ್ಯಕ್ಷರ ಅವಧಿ ಐದು ವರ್ಷ ಇದ್ದದ್ದು ಈಗ ಏಳು.